ಅತ್ತೆಯ ಕವಳ ಬಲಗೆನ್ನೆಗೆ ಬಂದದ್ದು

ಭಟ್ಕಳ

ವಿಲಾಯತಿಗೆ ಹೊರಟವರು ಉಣ್ಣೆಯ ಕೋಟು ಹೊಲಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ, ದೇವರಿಗೆ ಕಾಯಿ ಒಡೆಸುತ್ತಾರೆ. ನಾನು ಹೊರಡುವ ಹಿಂದಿನ ವಾರ ಭಟ್ಕಳದ ಪೇಟೆಯಲ್ಲಿ ಹೊಗೆಸೊಪ್ಪು ಮೂಸುತ್ತ ತಿರುಗಿದೆ.

ಅದಕ್ಕೆ ಕಾರಣ ಒಂದು ಕಾಗದ. ಆಗ ನಾನು ಮುಂಬಯಿಯ ಒಂದು ಪ್ರಯೋಗಶಾಲೆಯಲ್ಲಿ ಸಹಾಯಕ. ರೋಗಿಗಳಿಂದ ತೆಗೆದ ಮಾಂಸದ ತೆಳುವಾದ ಚೂರುಗಳನ್ನು ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಬಣ್ಣ ಹಾಕಿ, ಹಿರಿಯರ ಮುಂದಿಡುವುದು ನನ್ನ ಕೆಲಸ. ಇಂಗ್ಲೆಂಡಿನ ಉತ್ತರದ ಒಂದು ವಿಶ್ವವಿದ್ಯಾಲಯದಲ್ಲಿ ಕ್ಯಾನ್ಸರ್ ಸಂಶೋಧನೆಗೆಂದೇ ಹುಡುಗ ಹುಡುಗಿಯರನ್ನು ಮೂರು ವರ್ಷ ತಿದ್ದಿ ತೀಡಿ ಡಾಕ್ಟರೇಟ್ ಕೊಡುತ್ತಾರೆಂದು ಕೇಳಿ ಅರ್ಜಿ ಹಾಕಿದ್ದೆ. ಅಲ್ಲಿಯ ಪ್ರೊಫೆಸರರು ಒಪ್ಪಿಗೆಯ ಜೊತೆಗೆ ಒಂದು ಕೆಲಸವನ್ನೂ ಹಚ್ಚಿದ್ದರು. ನಿಮ್ಮ ಕಡೆಯ ಜನರಿಗೆ ಬಾಯಿಯ ಕ್ಯಾನ್ಸರ್ ಹೆಚ್ಚೆಂದು ಓದಿದ್ದೇನೆ, ಅವರು ಏನನ್ನು ಅಗಿಯುತ್ತಾರೋ ಅದನ್ನು ತನ್ನಿ, ಹೇಗೆ ಅಗಿಯುತ್ತಾರೆಂಬುದನ್ನು ನೋಡಿ ಬರೆದುಕೊಂಡು ಬನ್ನಿ, ಎಂದು.

ಅಗಿಯುವುದೆಂದರೆ ನಮ್ಮಲ್ಲಿ ಕವಳ: ವೀಳ್ಯದೆಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ತರುವುದೂ ಬರೆಯುವುದೂ ನನಗೆ ನೀರು ಕುಡಿದಷ್ಟು ಸುಲಭ. ನಡುವೆ ಇದ್ದ ‘ನೋಡಿ’ ಎಂಬ ಮಾತನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಸಾವಿರಾರು ಮೈಲಿ ದೂರ ಹೋಗಿ ಅದರ ಅರ್ಥ ಕಲಿಯುವಷ್ಟರಲ್ಲಿ ನನ್ನನ್ನು ಸಾಕಿದ ಅತ್ತೆಯ ಜೀವವೇ ಹೋಗುವುದರಲ್ಲಿತ್ತು. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇನೆ.

ಭಟ್ಕಳದ ಅಂಗಡಿಯ ಸಾಹೇಬರು ನಾಲ್ಕು ಬಗೆಯ ಹೊಗೆಸೊಪ್ಪು ಬಿಡಿಸಿಟ್ಟು, ಇಷ್ಟೆಲ್ಲ ಎಂತಕ್ಕೆ ಎಂದು ಕೇಳಿದರು. ವಿಲಾಯತಿಯಲ್ಲಿ ಇಲಿಗಳ ಮೇಲೆ ಪರೀಕ್ಷೆ ಮಾಡಲಿಕ್ಕೆ ಎಂದೆ. ಅವರು ಅಂಗಡಿಯ ಹಿಂದಿನ ಮನೆಯ ಕಡೆ ತಿರುಗಿ ತಮ್ಮ ನವಾಯತಿ ಭಾಷೆಯಲ್ಲಿ ಏನೋ ಹೇಳಿದರು. ಒಳಗಿನಿಂದ ಹೆಂಗಸರ ನಗು ಕೇಳಿಸಿತು. ಆಮೇಲೆ ನನ್ನ ಕಡೆ ಬಾಗಿ, “ಅಲ್ಲ ಮಾರಾಯ್ರೆ, ಇಲಿಗೆ ಕವಳ ಹಾಕೂದು ನೀವು ಕಲಿಸ್ತೀರಿ. ಉಗುಳೂದು ಯಾರು ಕಲಿಸ್ತಾರೆ?” ಎಂದರು.

ಹತ್ತಿರದ ತೆಂಗಿನಗುಂಡಿ ಬಂದರಿಗೆ ಹೋಗಿ ಮೀನುಗಾರರನ್ನೂ ಮಾತಾಡಿಸಿದೆ. ದೋಣಿ ನೀರಿಗೆ ಬಿಡುವಾಗ ಕೆನ್ನೆಯಲ್ಲಿಟ್ಟ ಕವಳ ಬಲೆ ಎಳೆಯುವವರೆಗೆ ಅಲ್ಲೇ ಇರುತ್ತದೆ ಎಂದು ಅವರು ಹೇಳಿದರು. ನಾನು ಎರಡು ಮಾರು ದೂರದಲ್ಲಿ ನಿಂತು ಎಲ್ಲವನ್ನೂ ಅಂದವಾಗಿ ಬರೆದುಕೊಂಡೆ. ಯಾರಿಗೂ ಬಾಯಿ ತೆರೆಯಿರಿ ಎನ್ನಲಿಲ್ಲ. ಹಾಗೆ ಹೇಳಬಹುದು ಎಂದು ತೋರಲೂ ಇಲ್ಲ.

ಹೊನ್ನಾವರ

ನಮ್ಮ ಮನೆ ಶರಾವತಿಯ ತೆಂಕಣ ದಂಡೆಯಲ್ಲಿ. ಹೊನ್ನಾವರದ ಪೇಟೆಗೆ ಹೋಗಬೇಕಾದರೆ ಹೊಳೆ ದಾಟಿಸುವ ತಾರಿದೋಣಿ ಹತ್ತಬೇಕು. ಅಪ್ಪ ಅಮ್ಮ ನನಗೆ ನೆನಪಿಲ್ಲ. ಅಪ್ಪನ ಅಕ್ಕ ಮತ್ತು ಅವಳ ಗಂಡ ನನ್ನನ್ನು ಸಾಕಿದರು. ಮಾವ ಕನ್ನಡ ಶಾಲೆಯ ಮಾಸ್ತರರಾಗಿ ನಿವೃತ್ತರಾದವರು. ಅತ್ತೆ ಯಾವುದರಿಂದಲೂ ನಿವೃತ್ತಳಾದವಳಲ್ಲ.

ಅತ್ತೆಯ ರಾಜ್ಯದಲ್ಲಿ ಕಾನೂನು ಒಂದೇ: ಎಂಜಲು. ಲೋಟ ತುಟಿಗೆ ತಾಗುವಂತಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಬುದ್ಧಿ ಹೇಳಿದ ಮಾವ, ಬೆರಳಿಗೆ ಉಗುಳು ಹಚ್ಚಿ ಪುಸ್ತಕದ ಹಾಳೆ ತಿರುವಿದ್ದಕ್ಕೆ ಅವಳಿಂದ ಬುದ್ಧಿ ಹೇಳಿಸಿಕೊಂಡು ಕೈ ತೊಳೆದು ಬರುತ್ತಿದ್ದರು. ಕವಳ ಹಾಕುವಾಗ ಅವಳು ಸೆರಗನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ನಾನು ಅವಳ ಕೈ ತುತ್ತು ತಿಂದು ಬೆಳೆದವನು. ಆದರೆ ಅವಳ ಬಾಯಿಯ ಒಳಗನ್ನು ಒಂದು ದಿನವೂ ಕಂಡವನಲ್ಲ.

ಹೊರಡುವ ಹಿಂದಿನ ದಿನ ಅವಳು ನನ್ನ ಟ್ರಂಕಿನ ಮುಂದೆ ಕೂತು ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟುತ್ತಿದ್ದಳು. ಕವಳದ ಬಟ್ಟಲು ಪಕ್ಕದಲ್ಲಿತ್ತು. ನನ್ನ ಪುಸ್ತಕ ನೋಡಿ, “ಊರವರದ್ದೆಲ್ಲ ಬರ್ಕಂಡೆ. ನನ್ನ ಹೆಸ್ರು ಬರ್ಕಂಡ್ಯಾ?” ಎಂದಳು. ಆಗ ಗಮನಿಸಿದೆ, ಸೆರಗಿನ ಮರೆಯಲ್ಲಿ ಉಬ್ಬಿದ್ದು ಬಲಗೆನ್ನೆ. ನನಗೆ ತಿಳಿದಂದಿನಿಂದ ಅತ್ತೆಯ ಕವಳ ಎಡಗೆನ್ನೆಯಲ್ಲೇ ಇರುತ್ತಿತ್ತು. ಚಿಕ್ಕವನಿದ್ದಾಗ ನಾನು ಅದನ್ನು ಹೊರಗಿನಿಂದ ಬೆರಳಲ್ಲಿ ಒತ್ತಿ ಬೈಸಿಕೊಳ್ಳುತ್ತಿದ್ದೆ.

“ಕವಳ ಆಚೆ ಕೆನ್ನೆಗೆ ಯಾವಾಗ ಹೋತು ಅತ್ತೆ?” ಎಂದು ತಮಾಷೆಗೆ ಕೇಳಿದೆ.

“ಹಲ್ಲು ಸಮ ಇಲ್ಲೆ. ನೀ ಮೊದ್ಲು ಈ ಭರಣಿ ಹಿಡ್ಕ” ಎಂದಳು.

ನಾನು ಭರಣಿ ಹಿಡಿದುಕೊಂಡೆ. ಆಮೇಲೆ ಪುಸ್ತಕದಲ್ಲಿ ಬರೆದೆ: ‘ಅತ್ತೆ. ನಲವತ್ತು ವರ್ಷ ಎಡಗೆನ್ನೆ. ಈಗ ಬಲ.’ ಅವಳ ಹೆಸರು ಪುಸ್ತಕದಲ್ಲಿ ಬಂತೆಂದು ಅವಳಿಗೆ ಸಂತೋಷ. ಒಂದು ಸಾಲು ಹೆಚ್ಚಾಯಿತೆಂದು ನನಗೆ.

ಮರುದಿನ ಬೆಳಿಗ್ಗೆ ತಾರಿಯವರೆಗೂ ಬಂದಳು. “ಬತ್ತೆ ಅತ್ತೆ” ಎಂದೆ. “ಆತು, ಬಾ” ಎಂದಳು. ದೋಣಿ ಹೊಳೆಯ ನಡುವೆ ಬರುವವರೆಗೂ ಸೆರಗು ಬಾಯಿಗೆ ಹಿಡಿದು ನಿಂತೇ ಇದ್ದಳು. ಅಳು ಮುಚ್ಚಿಕೊಳ್ಳುತ್ತಿದ್ದಾಳೆ ಎಂದುಕೊಂಡು ನನ್ನ ಕಣ್ಣಲ್ಲೂ ನೀರು ಬಂತು.

ಕುಮಟಾ

ಮುಂಬಯಿಯ ರೈಲು ಹುಬ್ಬಳ್ಳಿಯಿಂದ, ಹುಬ್ಬಳ್ಳಿಯ ಬಸ್ಸು ಕುಮಟೆಯಿಂದ. ಅದು ಎಂದಿನಂತೆ ತಡ. ಹೊತ್ತು ಕಳೆಯಲು, ನಮ್ಮ ಕಡೆಯವರೆಲ್ಲ ನಂಬಿದ ಒಬ್ಬ ಡಾಕ್ಟರರ ದವಾಖಾನೆಗೆ ಹೋದೆ. ಬಾಯಿ ಹುಣ್ಣಿನವರು ನಿಮ್ಮಲ್ಲಿಗೆ ಬರುತ್ತಾರಾ ಎಂದು ಕೇಳಿದೆ. ಗಂಡಸರು ಅನ್ನ ಇಳಿಯದಂತಾದ ಮೇಲೆ ಬರುತ್ತಾರೆ, ಹೆಂಗಸರು ಆಗಲೂ ಬರುವುದಿಲ್ಲ ಎಂದರು ಅವರು. ಅದನ್ನೂ ಬರೆದುಕೊಂಡೆ. ಬರೆದುಕೊಳ್ಳುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ.

ಹಡಗು

ಮುಂಬಯಿಯಿಂದ ಹಡಗು ಹೊರಟ ಮೇಲೆ ನನ್ನ ಚಿಂತೆಯೆಲ್ಲ ವೀಳ್ಯದೆಲೆಯದು. ಹಸಿ ಎಲೆಯನ್ನೇ ಮುಟ್ಟಿಸಬೇಕೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಳಿಗ್ಗೆ ಸಂಜೆ ಬಿಚ್ಚಿ, ಒಂದೊಂದೇ ಎಲೆ ಒರೆಸಿ, ನೀರು ಚಿಮುಕಿಸಿ ಮತ್ತೆ ಕಟ್ಟುತ್ತಿದ್ದೆ. ನನ್ನ ಜೊತೆ ಕೋಣೆಯಲ್ಲಿದ್ದವನು ಒಬ್ಬ ಪಂಜಾಬಿ ಎಂಜಿನಿಯರ್. ನಾಲ್ಕು ದಿನ ಸುಮ್ಮನೆ ನೋಡಿ ಐದನೆಯ ದಿನ ಅವನು ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬಂದ. ನಾನು ಪೂಜೆ ಮಾಡುತ್ತಿದ್ದೇನೆಂದು ತಿಳಿದಿದ್ದನಂತೆ. ಏಡನ್ನಿನಲ್ಲಿ ಎಲೆ ಹಳದಿಯಾಯಿತು. ಸುಯೆಜ್ ದಾಟುವಾಗ ಕಪ್ಪಾಗಿ, ವಾಸನೆಗೆ ಅವನ ಭಕ್ತಿಯೂ ಇಳಿಯಿತು. ಇಬ್ಬರೂ ಸೇರಿ ಅದನ್ನು ಸಮುದ್ರಕ್ಕೆ ಬಿಟ್ಟೆವು. ಒಣಗಿಸಿ ತಂದ ಎಲೆ ಪುಣ್ಯಕ್ಕೆ ಸ್ವಲ್ಪ ಇತ್ತು.

ಇಂಗ್ಲೆಂಡಿನ ಬಂದರಿನಲ್ಲಿ ಸುಂಕದ ಅಧಿಕಾರಿ ನನ್ನ ಡಬ್ಬಿಗಳನ್ನು ಒಂದೊಂದಾಗಿ ತೆರೆಸಿದ. ಅಡಿಕೆ, ಹೊಗೆಸೊಪ್ಪು, ಸುಣ್ಣ. ಇವನ್ನು ಏನು ಮಾಡುತ್ತೀರಿ ಎಂದ. ನಮ್ಮವರು ತಿನ್ನುತ್ತಾರೆ ಎಂದೆ. ನೀವೂ ತಿನ್ನುತ್ತೀರೋ ಎಂದ. ಇಲ್ಲ, ಇಲಿಗಳಿಗೆ ತಂದಿದ್ದೇನೆ ಎಂದೆ. ಅವನು ನನ್ನ ಮುಖವನ್ನೂ ಸುಣ್ಣದ ಡಬ್ಬಿಯನ್ನೂ ನೋಡಿ, ಬಹಳ ಮರ್ಯಾದೆಯಿಂದ ಮುಚ್ಚಳ ಹಾಕಿಕೊಟ್ಟ. ಆ ದೇಶದವರಿಗೆ ಅರ್ಥವಾಗದ್ದನ್ನು ಕಂಡರೆ ಮರ್ಯಾದೆ ಹೆಚ್ಚುತ್ತದೆ. ನಮ್ಮಲ್ಲಾದರೆ ನಾಲ್ಕು ಜನ ಸೇರಿ ಅದರ ಪೂರ್ವಾಪರವೆಲ್ಲ ಕೇಳಿಕೊಳ್ಳದೆ ಬಿಡುತ್ತಿರಲಿಲ್ಲ.

ಪ್ರೊಫೆಸರರ ಊರು

ಪ್ರೊಫೆಸರರು ಹೆಂಗಸು ಎಂದು ನನಗೆ ತಿಳಿದದ್ದು ಅಲ್ಲಿಗೆ ಹೋದ ಮೇಲೆ. ಅರವತ್ತರ ಹತ್ತಿರದ ಪ್ರಾಯ, ಕುಳ್ಳ ಆಳು, ಮೊಣಕೈ ಸವೆದ ಸ್ವೆಟರು. ನಾನು ಎರಡು ತಿಂಗಳಿಂದ ‘ಸರ್’ ಎಂದು ಕಾಗದ ಬರೆಯುತ್ತಿದ್ದೆ. ಅವರು ಒಮ್ಮೆಯೂ ತಿದ್ದಿರಲಿಲ್ಲ.

ನಾವು ಹೊಸಬರು ನಾಲ್ವರು. ಸೂಕ್ಷ್ಮದರ್ಶಕ ಕೊಡುತ್ತಾರೆಂದು ಹೋದರೆ, ಮೊದಲ ದಿನ ಒಬ್ಬೊಬ್ಬರ ಮುಂದೆ ಒಂದೊಂದು ಇಲಿಯ ಪಂಜರ ಇಟ್ಟು, ಒಂದು ಗಂಟೆ ಇದನ್ನು ನೋಡಿ ಬರೆಯಿರಿ ಎಂದರು. ನಾನು ‘ಆರೋಗ್ಯವಂತ ಇಲಿ’ ಎಂದು ಶುರುಮಾಡಿದೆ. ಅವರು ಬಂದು ‘ಆರೋಗ್ಯವಂತ’ ಎಂಬುದಕ್ಕೆ ಗೆರೆ ಎಳೆದರು. ಅದು ನಿನ್ನ ಅಭಿಪ್ರಾಯ, ನೀನು ಕಂಡದ್ದೇನು ಎಂದರು. ನಾನು ಮತ್ತೆ ನೋಡಿದೆ. ಇಲಿಯ ಬಲಗಿವಿಯ ತುದಿ ಹರಿದಿತ್ತು. ಅಷ್ಟೂ ಹೊತ್ತು ಅದು ನನ್ನ ಮೂಗಿನ ಎದುರಿಗೇ ಇತ್ತು.

ಅವರ ತರಬೇತಿಯೆಲ್ಲ ಇದೇ ಜಾತಿಯದು. ಪುಸ್ತಕದಲ್ಲಿ ಶಾಯಿಯಲ್ಲೇ ಬರೆಯಬೇಕು. ತಪ್ಪಾದರೆ ಒಂದೇ ಗೆರೆ. ಕೆಳಗಿನ ಅಕ್ಷರ ಕಾಣುವಂತಿರಬೇಕು. ಹಾಳೆ ಹರಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ನಮ್ಮಲ್ಲಿ ಗುರುಗಳು ಹೇಳುತ್ತಾರೆ, ನಾವು ಬರೆಯುತ್ತೇವೆ; ಗುರುಗಳ ಮಾತು ಸುಳ್ಳಾಗಬಾರದೆಂದು ಬೇಕಾದರೆ ಇಲಿಯನ್ನೇ ತಿದ್ದುತ್ತೇವೆ. ಒಮ್ಮೆ ಅವರು, ಈ ಗುಂಪಿನ ಇಲಿಗಳಲ್ಲಿ ರೋಗದ ಗಂಟು ಹೆಚ್ಚಿರಬೇಕಲ್ಲ ಎಂದಾಗ, ಇಲ್ಲದಿದ್ದರೂ ನಾನು ಗೌರವಕ್ಕೆ ಹೌದೆಂದೆ. ಅವರು ಪಂಜರ ತರಿಸಿ ನೋಡಿದರು. ಬೈಯಲಿಲ್ಲ. ನನ್ನನ್ನು ಖುಷಿಪಡಿಸಲು ಇಲ್ಲಿ ಯಾರೂ ಬೇಡ, ಈ ರೋಗವೂ ಯಾರ ಖುಷಿಯನ್ನೂ ಕೇಳುವುದಿಲ್ಲ ಎಂದಷ್ಟೇ ಹೇಳಿದರು. ಬೈದಿದ್ದರೆ ಒಳ್ಳೆಯದಿತ್ತು ಅನಿಸಿತು.

ನನ್ನ ಮನೆಯೊಡತಿ ಒಳ್ಳೆಯ ಮುದುಕಿ. ಆದರೆ ಅವಳು ಎಲ್ಲರ ತಟ್ಟೆಗಳನ್ನೂ ಒಂದೇ ತೊಟ್ಟಿಯ ಸಾಬೂನು ನೀರಿನಲ್ಲಿ ಮುಳುಗಿಸಿ, ಮತ್ತೊಂದು ನೀರು ಕಾಣಿಸದೆ, ಅರಿವೆಯಲ್ಲಿ ಒರೆಸಿ ಇಡುತ್ತಿದ್ದಳು. ಕಾಗದದ ಲಕೋಟೆಯನ್ನು ನಾಲಗೆಯಿಂದ ನೆಕ್ಕಿ ಮುಚ್ಚುತ್ತಿದ್ದಳು. ಅತ್ತೆಗೆ ಬರೆದ ಕಾಗದವನ್ನು ಒಮ್ಮೆ ಉಪಕಾರಕ್ಕೆಂದು ತಾನೇ ನೆಕ್ಕಿ ಅಂಚೆಗೆ ಹಾಕಿಬಿಟ್ಟಳು. ಆ ಎಂಜಲು ಕಾಗದವನ್ನು ಅತ್ತೆ ದೇವರ ಮುಂದಿಟ್ಟು ಆಮೇಲೆ ಓದಿಸುತ್ತಾಳೆಂದು ನೆನೆದು ನನಗೆ ನಗುವೂ ಹೆದರಿಕೆಯೂ ಬಂತು. ಅತ್ತೆಗೆ ಮಾತ್ರ ಇದನ್ನು ತಿಳಿಸಲಿಲ್ಲ.

ಶುಕ್ರವಾರ

ಪ್ರತಿ ಶುಕ್ರವಾರ ಒಬ್ಬ ವಿದ್ಯಾರ್ಥಿ ತನ್ನ ಕೆಲಸವನ್ನು ಎಲ್ಲರ ಮುಂದೆ ಹೇಳಬೇಕು. ಹಿಮ ಬೀಳಲು ಶುರುವಾದ ಮೇಲೆ ನನ್ನ ಸರದಿ ಬಂತು. ಮೇಜಿನ ಮೇಲೆ ಡಬ್ಬಿಗಳನ್ನು ಸಾಲಾಗಿಟ್ಟು, ಅಡಿಕೆಯಲ್ಲಿ ಏನಿದೆ, ಸುಣ್ಣ ಏನು ಮಾಡುತ್ತದೆ ಎಂದು ಅರ್ಧ ಗಂಟೆ ಚೆನ್ನಾಗಿಯೇ ಹೇಳಿದೆ. ಮುಗಿದ ಮೇಲೆ ಪ್ರೊಫೆಸರರು, ನೀನು ಎಷ್ಟು ಜನರ ಬಾಯಿ ನೋಡಿದೆ ಎಂದು ಕೇಳಿದರು.

ಯಾರದೂ ಇಲ್ಲ ಎಂದೆ.

ಹಾಗಾದರೆ ನೀನು ಅಂಗಡಿ ತಂದಿದ್ದೀ, ಜನರನ್ನು ತಂದಿಲ್ಲ ಎಂದರು. ಉಳಿದವರು ನಕ್ಕರು, ಅವರು ನಗಲಿಲ್ಲ. ನನ್ನ ಪುಸ್ತಕ ತೆಗೆದುಕೊಂಡು, ಕನ್ನಡದಲ್ಲಿದ್ದ ಹಾಳೆಗಳ ಮೇಲೆ ಬೆರಳಿಟ್ಟು, ಒಂದೊಂದೇ ಸಾಲಿನ ಅರ್ಥ ಹೇಳು ಎಂದರು. ಸಾಹೇಬರ ಅಂಗಡಿ, ತೆಂಗಿನಗುಂಡಿಯ ದೋಣಿ, ಎಲ್ಲ ಹೇಳುತ್ತ ಬಂದೆ. ಅತ್ತೆಯ ಸಾಲು ಬಂತು. ನನ್ನ ಅತ್ತೆ, ನಲವತ್ತು ವರ್ಷ ಎಡಗೆನ್ನೆ, ಈಗ ಬಲ ಎಂದೆ.

ಅವರ ಬೆರಳು ಮುಂದಿನ ಸಾಲಿಗೆ ಹೋಗಲಿಲ್ಲ. ಈಗ ಬಲ ಯಾಕೆ ಎಂದರು.

“ಕೇಳಲಿಲ್ಲ” ಎಂದೆ. ಆಮೇಲೆ ನಿಜ ನೆನಪಾಗಿ, “ಕೇಳಿದೆ. ಹಲ್ಲು ಸರಿಯಿಲ್ಲ ಎಂದಳು” ಎಂದು ತಿದ್ದಿದೆ.

ಅವರು ಎಲ್ಲರನ್ನೂ ಚಹಾಕ್ಕೆ ಕಳಿಸಿದರು. ನಾವಿಬ್ಬರೇ ಉಳಿದಾಗ ಹೇಳಿದರು: “ನಲವತ್ತು ವರ್ಷದ ಅಭ್ಯಾಸವನ್ನು ಯಾರೂ ಸುಮ್ಮನೆ ಬದಲಿಸುವುದಿಲ್ಲ. ಹಲ್ಲೇ ಇರಬಹುದು. ಇಲ್ಲದೆಯೂ ಇರಬಹುದು. ನೀನು ಇವತ್ತೇ ಕಾಗದ ಬರೆ.”

ತಾರಿಯ ದಂಡೆಯಲ್ಲಿ ಸೆರಗು ಬಾಯಿಗೆ ಹಿಡಿದು ನಿಂತವಳು ಕಣ್ಣ ಮುಂದೆ ಬಂದಳು. ಅವಳು ಡಾಕ್ಟರರ ಎದುರು ಬಾಯಿ ತೆರೆಯುವವಳಲ್ಲ, ನಮ್ಮಲ್ಲಿ ಬಾಯಿಯ ನೀರು ತಾಗಿದ್ದೆಲ್ಲ ಮೈಲಿಗೆ, ನಾನೂ ಯಾರ ಬಾಯಿಗೂ ಕೈ ಹಾಕಲಾರೆ, ನಿಮ್ಮ ವಿದ್ಯೆಗೆ ನಾನು ತಕ್ಕವನಲ್ಲ ಎಂದು ಏನೇನೋ ತೊದಲಿದೆ. ಅತ್ತೂ ಬಿಟ್ಟೆ.

ಅವರು ಎದ್ದರು. ಬಾಗಿಲು ಹಾಕಿಕೊಂಡು ಬಂದರು. ಕಿಟಕಿಯ ಬೆಳಕಿಗೆ ಕುರ್ಚಿ ಎಳೆದು ಕೂತರು. ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ಕಟ್ಟಿಸಿದ ಹಲ್ಲುಗಳನ್ನು ತೆಗೆದು ಚಹಾದ ತಟ್ಟೆಯಲ್ಲಿಟ್ಟರು. ಒಮ್ಮೆಲೇ ಅವರ ಮುಖ ನಮ್ಮೂರಿನ ಯಾವುದೋ ಅಜ್ಜಿಯ ಮುಖವಾಯಿತು. ಬೊಚ್ಚು ಬಾಯಲ್ಲಿ ಹೇಳಿದರು: “ಮೊದಲು ಕಣ್ಣು. ಆಮೇಲೆ ಬೆರಳು. ಕಂಡದ್ದನ್ನು ಮಾತ್ರ ಹೇಳು.”

ಗುರುವಿನ ಬಾಯಿ. ಕೈ ತೊಳೆದೆ, ಮತ್ತೆ ತೊಳೆದೆ, ಮೂರನೆಯ ಸಲ ನಲ್ಲಿ ತಿರುಗಿಸಿದಾಗ ಅವರು ಕೆಮ್ಮಿದರು. ಹೋಗಿ ನಿಂತು ಅವರ ಕೆನ್ನೆಯೊಳಗೆ ಬೆರಳಿಟ್ಟೆ. ಬೆಚ್ಚಗಿತ್ತು. ಎಡಗೆನ್ನೆ ನುಣುಪು, ಬಲಗೆನ್ನೆ ನುಣುಪು, ನಾಲಗೆಯ ಅಂಚು, ನಾಲಗೆಯ ಅಡಿ. ಕೆಳದವಡೆಯಲ್ಲಿ ಹಲ್ಲಿನ ಕಟ್ಟು ತಿಕ್ಕಿ ಕೆಂಪಾದ ಒಂದು ಚುಕ್ಕೆ. ಹೇಳಿದೆ. ಹೌದೆಂದು ತಲೆಯಾಡಿಸಿದರು. ಅಷ್ಟು ದಿನ ಆ ನೋವಿನಲ್ಲೇ ನಮಗೆ ಪಾಠ ಹೇಳುತ್ತಿದ್ದರು ಎಂದು ಆಗ ತಿಳಿಯಿತು.

ಮುಗಿದ ಮೇಲೆ ನನಗೆ ಏನು ಮಾಡಬೇಕೆಂದು ತೋಚದೆ ಬಗ್ಗಿ ಅವರ ಕಾಲು ಮುಟ್ಟಿದೆ. ನನ್ನದೇನೋ ಕೆಳಗೆ ಬಿತ್ತೆಂದು ಅವರೂ ಬಗ್ಗಿ ಕುರ್ಚಿಯ ಅಡಿಯಲ್ಲಿ ಹುಡುಕತೊಡಗಿದರು.

ಎಷ್ಟೋ ವರ್ಷಗಳಾದ ಮೇಲೆ, ಈಗ ನನ್ನ ಕೈಕೆಳಗೆ ಇಬ್ಬರು ವಿದ್ಯಾರ್ಥಿಗಳು ಡಾಕ್ಟರೇಟಿಗೆ ಓದುತ್ತಿದ್ದಾರೆ. ಮೊದಲ ದಿನ ಅವರ ಮುಂದೆ ಕೂತು ನಾನು ಬಾಯಿ ತೆರೆಯುತ್ತೇನೆ. ಒಬ್ಬ ಹುಡುಗ ಎರಡು ದಿನ ಬರಲೇ ಇಲ್ಲ. ಮೂರನೆಯ ದಿನ ಬಂದ.

ಕಾಗದಗಳು

ಆ ಶುಕ್ರವಾರವೇ ಮಾವನಿಗೆ ಬರೆದೆ: ಅತ್ತೆಯನ್ನು ಕುಮಟೆಯ ಡಾಕ್ಟರರಿಗೆ ತೋರಿಸಿ. ವಿಮಾನದ ಅಂಚೆಯಾದರೂ ಉತ್ತರಕ್ಕೆ ಮೂರು ವಾರ ಹಿಡಿಯಿತು. ಮಾವನ ಮುತ್ತಿನಂಥ ಅಕ್ಷರದಲ್ಲಿ ಅತ್ತೆಯ ಮಾತು: “ಪರ ಗಂಡಸ್ರ ಎದ್ರಿಗೆ ಬಾಯಿ ತೆಗೆಯದು ನನ್ನಿಂದ ಆಗ್ತಿಲ್ಲೆ. ನೀ ಸಮಾ ಊಟ ಮಾಡು.”

ಎರಡನೆಯ ಕಾಗದದಲ್ಲಿ ವಿಜ್ಞಾನ ಬರೆಯಲಿಲ್ಲ. ಕಂಡದ್ದನ್ನು ಮಾತ್ರ ಬರೆದೆ. ಗುರುಗಳು ಹಲ್ಲು ತೆಗೆದು ತಟ್ಟೆಯಲ್ಲಿಟ್ಟದ್ದು, ನಾನು ಮೂರು ಸಲ ಕೈ ತೊಳೆದದ್ದು, ಅವರ ಎಂಜಲು ನನ್ನ ಬೆರಳಿಗೆ ತಾಗಿದ್ದು. ಹಿಂದೆ ಬಂದ ಒಂದು ಲಕೋಟೆಗೂ ಎಂಜಲು ತಾಗಿತ್ತೆಂದು ಒಪ್ಪಿಕೊಂಡೆ. ಅತ್ತೆ, ನಿನ್ನ ಕವಳ ಯಾಕೆ ಬಲಗೆನ್ನೆಗೆ ಬಂತೆಂದು ನಾನು ಅಲ್ಲೇ ಕೂತು ನೋಡಬೇಕಿತ್ತು, ನೋಡಲಿಲ್ಲ, ಈಗ ನನ್ನ ಬದಲಿಗೆ ಆ ಡಾಕ್ಟರರಾದರೂ ನೋಡಲಿ ಎಂದು ಬರೆದೆ.

ಆಮೇಲಿನ ದಿನಗಳಲ್ಲಿ ಇಲಿಯ ಪಂಜರ ತೊಳೆಯುತ್ತ ಅಂಚೆಯವನ ದಾರಿ ನೋಡಿದ್ದೇ ನನ್ನ ಕೆಲಸ. ಪ್ರೊಫೆಸರರು ಬೆಳಿಗ್ಗೆ ಬಂದವರೇ ನನ್ನ ಮುಖ ನೋಡುತ್ತಿದ್ದರು, ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ, ಅವರು ಕೋಟು ತೆಗೆದು ಗೂಟಕ್ಕೆ ಹಾಕುತ್ತಿದ್ದರು.

ಕಾಗದ ಬಂತು. ನಾನು ಬರೆದದ್ದನ್ನು ಮಾವ ಎರಡು ಸಲ ಓದಿ ಹೇಳಿದರಂತೆ. ಅತ್ತೆ ಬೆಳಗಿನ ಗಂಜಿ ಬಿಟ್ಟು ಮಧ್ಯಾಹ್ನದವರೆಗೆ ಜಗಲಿಯಲ್ಲಿ ಕೂತಿದ್ದಳಂತೆ. ಆಮೇಲೆ ಎದ್ದು, “ನಮ್ಮನೆ ಮಾಣಿ ಗುರುಗಳ ಬಾಯಿಗೆ ಕೈ ಹಾಕಿದ್ನಡ. ಆನು ಬಾಯಿ ತೆಗದ್ರೆ ಎಂತ ಆಗ್ತು?” ಎಂದು ಸೀರೆ ಬದಲಿಸಿ ಮಾವನಿಗಿಂತ ಮೊದಲು ತಾರಿಯಲ್ಲಿ ಹೋಗಿ ನಿಂತಳಂತೆ. ಡಾಕ್ಟರರು ನೋಡಿದರೆ ಎಡಗೆನ್ನೆಯ ಒಳಗೆ ಬಿಳಿಯ ಕಲೆ, ಅದರ ನಡುವೆ ಅಡಿಕೆ ಹೋಳಿನಷ್ಟು ದೊಡ್ಡ ಗಟ್ಟಿ ಗಂಟು. ಕುಮಟೆಯ ಡಾಕ್ಟರರು ಅದೇ ವಾರ ಮುಂಬಯಿಗೆ ಕಳಿಸಿದ್ದರು.

ಕಾಗದದ ಕೊನೆಯಲ್ಲಿ ಮಾವ ತಮ್ಮ ಮಾತು ಸೇರಿಸಿದ್ದರು. ನೀನು ಹೊರಡುವ ಮೊದಲೇ ಅವಳಿಗೆ ಗೊತ್ತಿತ್ತು, ಯಾಕೆ ಹೇಳಲಿಲ್ಲ ಎಂದು ಕೇಳಿದರೆ, “ಹೇಳಿದ್ರೆ ಅಂವ ಹೋಗ್ತಿದ್ನಾ?” ಎನ್ನುತ್ತಾಳೆ, ಎಂದು.

ನಾನು ಊರಿಗೆ ಹೊರಡಲು ಸಿದ್ಧನಾಗಿಬಿಟ್ಟಿದ್ದೆ. ಪ್ರೊಫೆಸರರು ರಜೆಗೂ ಒಪ್ಪಿದ್ದರು. ಅಷ್ಟರಲ್ಲಿ ಮುಂಬಯಿಯಿಂದ ಪ್ರಯೋಗಶಾಲೆಯ ನನ್ನ ಹಳೆಯ ಗೆಳೆಯನ ತಂತಿ ಬಂತು: ಕೊಯ್ದು ತೆಗೆದಿದ್ದಾರೆ, ರೋಗ ಕುತ್ತಿಗೆಗೆ ಇಳಿದಿಲ್ಲ, ಓದು ಮುಗಿಸದೆ ಬಂದರೆ ಮನೆಯೊಳಗೆ ಬಿಡುವುದಿಲ್ಲ ಎಂದು ನಿನ್ನ ಅತ್ತೆ ಸನ್ನೆ ಮಾಡಿ ಹೇಳುತ್ತಿದ್ದಾರೆ. ನಾನು ಪುಸ್ತಕ ತೆಗೆದು ಆ ಹಳೆಯ ಸಾಲಿನ ಕೆಳಗೆ ಕಾರಣ ಬರೆದು ರುಜು ಹಾಕಿದೆ. ಪ್ರೊಫೆಸರರು ಅದರ ಅರ್ಥ ಕೇಳಿಕೊಂಡು, ಓದಲು ಬಾರದ ಆ ಕನ್ನಡದ ಕೆಳಗೆ ತಾವೂ ರುಜು ಹಾಕಿದರು.

ಮತ್ತೆ ತಾರಿ

ಮೂರು ವರ್ಷ ಕಳೆದು, ಡಾಕ್ಟರೇಟಿನ ಕಾಗದ ಟ್ರಂಕಿನಲ್ಲಿಟ್ಟುಕೊಂಡು ಹೊನ್ನಾವರದಲ್ಲಿ ದೋಣಿ ಕಟ್ಟುವ ದಕ್ಕೆಯ ಬಳಿ ಬಸ್ಸಿಳಿದೆ. ಬಿಸಿಲು ಚುರುಕಾಗಿತ್ತು. ತಾರಿದೋಣಿ ಹೊಳೆಯ ನಡುವೆ ಬರುವಾಗ ಆಚೆ ದಂಡೆಯಲ್ಲಿ ಮಾವನ ಕೊಡೆ ಕಂಡಿತು, ಕೊಡೆಯ ಪಕ್ಕ ಅತ್ತೆ. ಅವಳ ಸೆರಗು ಹೆಗಲ ಮೇಲಿತ್ತು.

ಹತ್ತಿರ ಹೋದೆ. ಎಡಗೆನ್ನೆ ಒಳಗೆ ಹೋಗಿತ್ತು. ತುಟಿ ಆ ಕಡೆ ಸ್ವಲ್ಪ ಎಳೆದಿತ್ತು. ಬಡವಾಗಿದ್ದಳು. ನಾನು ಟ್ರಂಕು ಕೆಳಗಿಟ್ಟೆ. ಅವಳೇ ಕೇಳಿದಳು, “ಆ ಅಮ್ಮಂಗೆ ಕಟ್ಸಿದ ಹಲ್ಲು ಈಗ ಸಮಾ ಕೂತಿದ್ದಾ?”

“ಹೊಸದು ಕಟ್ಸಿದ್ರು ಅತ್ತೆ. ಈಗ ನೋವಿಲ್ಲೆ” ಎಂದೆ.

“ಆತು” ಎಂದಳು. ನನ್ನ ಕೈ ಹಿಡಿದು ಬಿಸಿಲಿಗೆ ಎಳೆದು ನಿಲ್ಲಿಸಿಕೊಂಡಳು. ದೋಣಿಯಿಂದ ಇಳಿಯುತ್ತಿದ್ದವರು ನೋಡುತ್ತಿದ್ದರು. ಮೀನು ಬುಟ್ಟಿಯ ಹೆಂಗಸರು, ಪೇಟೆಯಿಂದ ಬಂದ ಗಂಡಸರು. ನಾನು, “ಇರು ಅತ್ತೆ, ಕೈ ತೊಳ್ಕಂಡು ಬತ್ತೆ” ಎಂದು ಹೊಳೆಯ ಕಡೆ ತಿರುಗಿದೆ. ತೊಳೆದು ಬರುವಷ್ಟರಲ್ಲಿ ಅವಳು ಆ ಜನರ ನಡುವೆಯೇ ಬಿಸಿಲಿಗೆ ಮುಖ ಎತ್ತಿ ಬಾಯಿ ತೆರೆದು ನಿಂತಿದ್ದಳು.

ಮೊದಲು ಕಣ್ಣಿನಿಂದ ನೋಡಿದೆ. ಆಮೇಲೆ ಬೆರಳಿಟ್ಟೆ. ಎಡಗೆನ್ನೆಯಲ್ಲಿ ಹೊಲಿದ ಗಾಯದ ಗೆರೆ, ಮೆತ್ತಗಿತ್ತು. ಬಲಗೆನ್ನೆ ನುಣುಪು. ಬಿಳಿಯ ಕಲೆ ಎಲ್ಲೂ ಇರಲಿಲ್ಲ.